ರಕ್ತನಾಳಗಳ ನಕ್ಷೆ: ಸ್ಕ್ಯಾನ್ ತಂತ್ರಾಂಶಗಳೊಳಗೆ ನಾಳ ಮಾದರಿಯ ಸಾಧನಗಳು

ಕಾಯಕ ನಡೆಯಬೇಕಾದರೆ ಕಾಯ ನೆಟ್ಟಗಿರಬೇಕು. ದೇಹವನ್ನು ದೇಗುಲವೆಂದು ಕಂಡ ಶರಣ ಪರಂಪರೆಯಲ್ಲಿ ಆರೋಗ್ಯದ ವಿಚಾರವು ಅಧ್ಯಾತ್ಮದಿಂದ ಹೊರಗಿನದಲ್ಲ. ಆ ದೇಗುಲದ ಮೂಲೆಮೂಲೆಗೂ ಅನ್ನ, ಪ್ರಾಣವಾಯುಗಳನ್ನು ಹೊತ್ತೊಯ್ಯುವ ದಾರಿಗಳೇ ರಕ್ತನಾಳಗಳು. ರಕ್ತವು ಹೃದಯದಿಂದ ಹೊರಟು ದೇಹವನ್ನೆಲ್ಲ ಸುತ್ತಿ ಮತ್ತೆ ಹೃದಯಕ್ಕೇ ಮರಳುತ್ತದೆಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದನು. ಆದರೆ ಬದುಕಿರುವ ಮನುಷ್ಯನ ನಾಳಗಳನ್ನು ಕಣ್ಣಾರೆ ಕಾಣಲು ಮುಂದೆ ಸುಮಾರು 300 ವರ್ಷಗಳೇ ಬೇಕಾದವು.

ಮಠಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರ ಕೈಯಲ್ಲಿ ಇಂದು ಸ್ಕ್ಯಾನ್ ವರದಿಯ ಲಕೋಟೆ ಇರುತ್ತದೆ. ಅದರೊಳಗೆ ಬಣ್ಣಬಣ್ಣದ, ಮರದ ಕೊಂಬೆಗಳಂತೆ ಕವಲೊಡೆದ ನಾಳಗಳ ಚಿತ್ರಗಳು. ಕೆಳಗೆ ಇಷ್ಟು ಸೆಂಟಿಮೀಟರ್, ಇಷ್ಟು ಶೇಕಡಾ ಎಂಬ ಅಂಕಿಗಳು. ಆ ಅಂಕಿಯನ್ನು ನೋಡಿಯೇ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂಬ ತೀರ್ಮಾನವಾಗುತ್ತದೆ. ಆ ಚಿತ್ರವನ್ನು ಯಂತ್ರವು ನೇರವಾಗಿ ತೆಗೆದದ್ದೆಂದು ಬಹುಮಂದಿ ಭಾವಿಸುತ್ತಾರೆ. ವಾಸ್ತವದಲ್ಲಿ ಅದು ಗಣಿತದ ಬಲದಿಂದ ಕಟ್ಟಿದ ಒಂದು ಮಾದರಿ. ಅದು ಹೇಗೆ ಸಿದ್ಧವಾಗುತ್ತದೆ, ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸಬಲ್ಲದು ಎಂಬುದನ್ನು ಈ ಸಂಚಿಕೆಯಲ್ಲಿ ತಿಳಿಸಲು ಯತ್ನಿಸಿದ್ದೇವೆ.

ನೆರಳಿನಿಂದ ಹೋಳುಗಳಿಗೆ

1927ರಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ ಎಗಾಸ್ ಮೊನಿಜ್ ಎಂಬ ವೈದ್ಯನು ಕ್ಷಕಿರಣವನ್ನು ತಡೆಯುವ ದ್ರವವೊಂದನ್ನು ಕತ್ತಿನ ಅಪಧಮನಿಗೆ ಸೇರಿಸಿ, ಮಿದುಳಿನ ನಾಳಗಳ ಚಿತ್ರ ತೆಗೆದನು. ಆಂಜಿಯೋಗ್ರಾಂ ಎಂದು ನಾವು ಕರೆಯುವ ಪರೀಕ್ಷೆಯ ಆರಂಭದ ಘಟ್ಟವಿದು. ಆದರೆ ಆ ಚಿತ್ರವು ಗೋಡೆಯ ಮೇಲೆ ಬಿದ್ದ ನೆರಳಿನಂತೆ; ಮುಂದಿನ ನಾಳವೂ ಹಿಂದಿನ ನಾಳವೂ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತಿದ್ದವು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರವನ್ನು ಮೊದಲ ಬಾರಿಗೆ ರೋಗಿಯೊಬ್ಬರ ಮೇಲೆ ಬಳಸಲಾಯಿತು. ಈ ಸಾಧನೆಗಾಗಿ ಅವನಿಗೂ ಅಲನ್ ಕಾರ್ಮ್ಯಾಕ್‌ಗೂ 1979ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಸಿ.ಟಿ. ಯಂತ್ರವು ದೇಹವನ್ನು ತೆಳುವಾದ ಹೋಳುಗಳಾಗಿ ತೋರಿಸುತ್ತದೆ. ಒಂದೊಂದು ಹೋಳೂ ಸಾಮಾನ್ಯವಾಗಿ ಉದ್ದಕ್ಕೆ 512, ಅಡ್ಡಕ್ಕೆ 512 ಚುಕ್ಕೆಗಳ ಚೌಕ. ಅಂತಹ 500 ಹೋಳುಗಳಿದ್ದರೆ ಒಟ್ಟು 13 ಕೋಟಿಗೂ ಹೆಚ್ಚು ಚುಕ್ಕೆಗಳಾದವು. ಪ್ರತಿ ಚುಕ್ಕೆಗೂ ಒಂದು ಅಂಕಿ ಇರುತ್ತದೆ. ಈ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000, ಮೂಳೆಗೆ ನೂರಾರು.

ಇಲ್ಲಿ ನಾವು ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಯಂತ್ರವು ಕೊಡುವುದು ಈ ಅಂಕಿಗಳ ರಾಶಿಯನ್ನು ಮಾತ್ರ. ಅದಕ್ಕೆ ನಾಳವೆಂಬುದೂ ಗೊತ್ತಿಲ್ಲ, ಮೂಳೆಯೆಂಬುದೂ ಗೊತ್ತಿಲ್ಲ. ಆ ರಾಶಿಯೊಳಗಿಂದ ನಾಳವನ್ನು ಆರಿಸಿ ತೆಗೆಯುವ ಕೆಲಸವು ಆ ಮೇಲಿನದು.

ರಾಶಿಯೊಳಗಿಂದ ನಾಳವನ್ನು ಆರಿಸುವುದು

ಅಯೋಡಿನ್ ಬೆರೆತ ಕಾಂಟ್ರಾಸ್ಟ್ ದ್ರವವನ್ನು ರಕ್ತಕ್ಕೆ ಸೇರಿಸಿದಾಗ ನಾಳಗಳು ಬೆಳ್ಳಗೆ ಬೆಳಗುತ್ತವೆ. ಹಾಗಾದರೆ ಬೆಳ್ಳಗಿರುವುದನ್ನೆಲ್ಲ ಆರಿಸಿಕೊಂಡರೆ ಸಾಲದೇ ಎಂದು ಯಾರಿಗಾದರೂ ಅನ್ನಿಸೀತು. ಸಾಲದು. ಏಕೆಂದರೆ ಮೂಳೆಯೂ ಬೆಳ್ಳಗೇ ಕಾಣುತ್ತದೆ. ಜೋಳದ ರಾಶಿಯಲ್ಲಿ ಬೆರೆತ ಬಿಳಿಗಲ್ಲನ್ನು ಬಣ್ಣ ನೋಡಿ ಬೇರ್ಪಡಿಸಲಾಗದು, ಆಕಾರ ನೋಡಬೇಕು.

ಈ ಆಕಾರ ಪರೀಕ್ಷೆಯ ಒಂದು ಪ್ರಸಿದ್ಧ ವಿಧಾನವನ್ನು 1998ರಲ್ಲಿ ಅಲೆಹಾಂದ್ರೊ ಫ್ರಾಂಗಿ ಮತ್ತು ಸಂಗಡಿಗರು ಪ್ರಕಟಿಸಿದರು. ಅದರ ತಿರುಳು ಸರಳವಾದುದು. ಬೆಳಗುವ ಕೊಳವೆಯೊಂದರ ನಡುವೆ ಒಂದು ಇರುವೆ ಇದೆಯೆಂದು ಭಾವಿಸೋಣ. ಅದು ಕೊಳವೆಯ ಉದ್ದಕ್ಕೆ ನಡೆದರೆ ಬೆಳಕು ಬದಲಾಗದು. ಅಡ್ಡಲಾಗಿ ಎಡಬಲಕ್ಕೆ ನಡೆದರೂ, ಮೇಲೆಕೆಳಗೆ ನಡೆದರೂ ಕೂಡಲೇ ಕತ್ತಲೆ. ಒಂದು ದಿಕ್ಕಿನಲ್ಲಿ ಬದಲಾವಣೆ ಇಲ್ಲ, ಎರಡು ದಿಕ್ಕುಗಳಲ್ಲಿ ಬಹಳ ಬದಲಾವಣೆ ಎಂದರೆ ಅದು ಕೊಳವೆ. ಮೂರು ದಿಕ್ಕುಗಳಲ್ಲೂ ಕತ್ತಲೆ ಬಂದರೆ ಅದು ಗುಂಡು. ಒಂದೇ ದಿಕ್ಕಿನಲ್ಲಿ ಕತ್ತಲೆ ಬಂದರೆ ಅದು ತಾಳೆಗರಿಯಂತಹ ಹಾಳೆ. ತಂತ್ರಾಂಶವು ಪ್ರತಿ ಚುಕ್ಕೆಯ ಬಳಿಯೂ ಈ ಪ್ರಶ್ನೆಯನ್ನು ಕೇಳಿ, ಕೊಳವೆಯ ಲಕ್ಷಣವಿರುವ ಜಾಗಗಳಿಗೆ ಹೆಚ್ಚು ಅಂಕ ಕೊಡುತ್ತದೆ.

ಬಳಿಕ ವೈದ್ಯರೋ ತಂತ್ರಜ್ಞರೋ ನಾಳದ ಒಂದು ತುದಿಯಲ್ಲಿ ಬೀಜದಂತೆ ಒಂದು ಗುರುತನ್ನು ಇಡುತ್ತಾರೆ. ಆ ಬೀಜದಿಂದ ಒಂದು ಗಡಿಯು ನೀರು ಹರಡಿದಂತೆ ಹರಡುತ್ತ ಹೋಗಿ, ಬೆಳಕು ಥಟ್ಟನೆ ಕುಗ್ಗುವ ಅಂಚಿನಲ್ಲಿ ನಿಲ್ಲುತ್ತದೆ. ಆ ಗಡಿಯ ಮೇಲೆ ಸಣ್ಣ ಸಣ್ಣ ತ್ರಿಕೋನಗಳ ಹೊದಿಕೆಯನ್ನು ನೇಯಲಾಗುತ್ತದೆ. ಹೀಗೆ ನೇಯುವ ವಿಧಾನವನ್ನು ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಲೊರೆನ್ಸನ್ ಮತ್ತು ಹಾರ್ವೆ ಕ್ಲೈನ್ 1987ರಲ್ಲಿ ಪ್ರಕಟಿಸಿದರು. ವರದಿಯಲ್ಲಿ ನಾವು ಕಾಣುವ ಕೊಂಬೆಯಂತಹ ಚಿತ್ರವು ಈ ಬಗೆಯ ತ್ರಿಕೋನಗಳ ನೇಯ್ಗೆಯಾಗಿರಬಹುದು.

ನಡುದಾರಿಯ ರೇಖೆ

ಹೊದಿಕೆ ಸಿದ್ಧವಾದ ಮೇಲೆ ಅಳತೆ ಬೇಕು. ಅದಕ್ಕೆ ಮೊದಲು ನಾಳದ ನಟ್ಟನಡುವೆ ಹಾಯುವ ರೇಖೆಯೊಂದನ್ನು ಕಂಡುಹಿಡಿಯಬೇಕು. ಇದನ್ನು ಮಧ್ಯರೇಖೆ ಎನ್ನೋಣ. ಎರಡೂ ಕಡೆ ಮುಳ್ಳುಬೇಲಿಯಿರುವ ಓಣಿಯಲ್ಲಿ ಗಾಡಿ ಹೊಡೆಯುವವನು ಯಾವ ಬೇಲಿಗೂ ತಾಗದಂತೆ ನಡುದಾರಿ ಹಿಡಿಯುತ್ತಾನಷ್ಟೆ. ತಂತ್ರಾಂಶವೂ ಹಾಗೆಯೇ ಮಾಡುತ್ತದೆ. ನಾಳದೊಳಗಿನ ಪ್ರತಿ ಜಾಗದಲ್ಲೂ ಗೋಡೆಗೆ ತಾಗಿ ಕೂರಬಲ್ಲ ಅತಿ ದೊಡ್ಡ ಚೆಂಡು ಯಾವುದೆಂದು ನೋಡುತ್ತದೆ. ಆ ಚೆಂಡುಗಳ ನಡುಬಿಂದುಗಳ ಮೂಲಕ, ಆದಷ್ಟು ದೊಡ್ಡ ಚೆಂಡುಗಳ ದಾರಿಯನ್ನೇ ಆರಿಸಿಕೊಂಡು ರೇಖೆ ಎಳೆಯುತ್ತದೆ. ರೇಖೆಯ ಜೊತೆಗೆ ಪ್ರತಿ ಬಿಂದುವಿನಲ್ಲಿ ನಾಳದ ಅಗಲವೂ ತಾನಾಗಿಯೇ ದೊರೆಯುತ್ತದೆ.

ಈ ಕೆಲಸಗಳಿಗೆಂದೇ ಇಟಲಿಯ ಲೂಕಾ ಆಂಟಿಗಾ ಮತ್ತು ಕೆನಡಾದ ಡೇವಿಡ್ ಸ್ಟೈನ್‌ಮನ್ ಮೊದಲಾದವರು ವಿ.ಎಂ.ಟಿ.ಕೆ. ಎಂಬ ರಕ್ತನಾಳ ಮಾದರಿ ಸಾಧನಗಳ ಗುಚ್ಛವನ್ನು ಕಟ್ಟಿದರು. ಅದರ ವಿಧಾನವನ್ನು ವಿವರಿಸುವ ಲೇಖನವು 2008ರಲ್ಲಿ ಪ್ರಕಟವಾಯಿತು. ಅತ್ತ ಅಮೆರಿಕದ ಬಾಸ್ಟನ್ ಪ್ರದೇಶದಲ್ಲಿ, ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆ ಮತ್ತು ಎಂ.ಐ.ಟಿ. ಸಂಸ್ಥೆಗಳ ಸಹಯೋಗದಲ್ಲಿ 1990ರ ದಶಕದ ಕೊನೆಯಲ್ಲಿ ಹುಟ್ಟಿದ 3ಡಿ ಸ್ಲೈಸರ್ ಎಂಬ ತಂತ್ರಾಂಶವು ವೈದ್ಯಕೀಯ ಚಿತ್ರಗಳನ್ನು ನೋಡಲು, ವಿಂಗಡಿಸಲು ಬಳಕೆಯಲ್ಲಿತ್ತು. ಎರಡೂ ಬೇರೆ ಬೇರೆ ಇದ್ದಾಗ ತೊಡಕು ಬಹಳವಿತ್ತು. ಚಿತ್ರ ನೋಡುವ ವೈದ್ಯರಿಗೆ ಆಜ್ಞೆಗಳನ್ನು ಬೆರಳಚ್ಚಿಸಿ ನಡೆಸುವ ಗಣಿತ ಸಾಧನಗಳು ಒಗ್ಗುತ್ತಿರಲಿಲ್ಲ. ಗಣಿತ ಬಲ್ಲ ಎಂಜಿನಿಯರನಿಗೆ ಚಿತ್ರದಲ್ಲಿ ಯಾವುದು ರೋಗ, ಯಾವುದು ಸಹಜ ಎಂಬ ತಿಳಿವಳಿಕೆ ಇರುತ್ತಿರಲಿಲ್ಲ. ವಿ.ಎಂ.ಟಿ.ಕೆ.ಯ ಸಾಧನಗಳನ್ನು ಸ್ಲೈಸರ್‌ನೊಳಗೆ ವಿಸ್ತರಣೆಯಾಗಿ ಸೇರಿಸಿದ ಮೇಲೆ ಒಂದೇ ಪರದೆಯ ಮೇಲೆ ಮೂಲ ಹೋಳುಗಳೂ ಮಾದರಿಯೂ ಅಕ್ಕಪಕ್ಕದಲ್ಲಿ ನಿಂತವು. ಮಾದರಿಯಲ್ಲಿ ಸಂದೇಹ ಬಂದ ಕ್ಷಣದಲ್ಲೇ ಮೂಲವನ್ನು ನೋಡಿ ತಾಳೆಹಾಕಬಹುದೆಂಬುದೇ ಈ ಜೋಡಣೆಯ ನಿಜವಾದ ಲಾಭ.

ಜೋಡಣೆಯಲ್ಲೂ ಎಚ್ಚರ ಬೇಕಾಗುತ್ತದೆ. ಇಂತಹ ಸಾಧನಗಳಲ್ಲಿ ಕೆಲವು ರೋಗಿಯ ಎಡ ದಿಕ್ಕನ್ನು ಏರುವ ಅಂಕಿಯೆಂದು ಎಣಿಸಿದರೆ, ಸ್ಲೈಸರ್ ಬಲ ದಿಕ್ಕನ್ನು ಹಾಗೆ ಎಣಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಮಾದರಿಯನ್ನು ಒಯ್ಯುವಾಗ ಈ ಲೆಕ್ಕವನ್ನು ಸರಿಪಡಿಸದಿದ್ದರೆ ಎಡವು ಬಲವಾಗಿ ಕಾಣುತ್ತದೆ. ಕತ್ತಿನ ಎಡ ಅಪಧಮನಿಯ ಕಿರಿದಾದ ಭಾಗವು ಬಲಗಡೆ ಕಂಡರೆ ಆಗುವ ಅನಾಹುತವನ್ನು ಓದುಗರು ಊಹಿಸಬಲ್ಲರು.

ಅಂಕಿಯ ಹಿಂದಿರುವ ತೀರ್ಮಾನ

ಇಷ್ಟೆಲ್ಲ ಶ್ರಮ ಏಕೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಹೃದಯದಿಂದ ಹೊಟ್ಟೆಯವರೆಗೆ ಇಳಿಯುವ ಮಹಾಧಮನಿಯು ಹೊಟ್ಟೆಯ ಭಾಗದಲ್ಲಿ ಸಾಮಾನ್ಯವಾಗಿ ಸುಮಾರು 2 ಸೆಂಟಿಮೀಟರ್ ಅಗಲವಿರುತ್ತದೆ. ಗೋಡೆ ದುರ್ಬಲವಾಗಿ ಅದು 3 ಸೆಂಟಿಮೀಟರಿಗೂ ಮಿಗಿಲಾಗಿ ಉಬ್ಬಿದರೆ ಅದನ್ನು ಅನ್ಯೂರಿಸಂ ಎನ್ನುತ್ತಾರೆ. ಅದು ಒಡೆದರೆ ಬಹುತೇಕ ಪ್ರಾಣಾಂತಿಕ. ಆದರೆ ಶಸ್ತ್ರಚಿಕಿತ್ಸೆಗೂ ತನ್ನದೇ ಆದ ಅಪಾಯವಿದೆ. 4ರಿಂದ 5.5 ಸೆಂಟಿಮೀಟರ್ ಅಗಲದ ಉಬ್ಬುಗಳಿಗೆ ಅವಸರದಿಂದ ಶಸ್ತ್ರಚಿಕಿತ್ಸೆ ಮಾಡಿದ್ದರಿಂದ ಹೆಚ್ಚು ಜೀವಗಳು ಉಳಿಯಲಿಲ್ಲವೆಂದು 1998ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು ತೋರಿಸಿತು. ಆದುದರಿಂದ ಪುರುಷರಲ್ಲಿ ಸಾಮಾನ್ಯವಾಗಿ 5.5 ಸೆಂಟಿಮೀಟರ್, ಸ್ತ್ರೀಯರಲ್ಲಿ ಸುಮಾರು 5 ಸೆಂಟಿಮೀಟರ್ ತಲುಪುವವರೆಗೆ ಕಾಲಕಾಲಕ್ಕೆ ಅಳೆಯುತ್ತ ಕಾಯುವುದು ರೂಢಿಯಾಗಿದೆ.

ಈಗ ಕಬ್ಬಿನ ಜಲ್ಲೆಯೊಂದನ್ನು ನೆನೆಯೋಣ. ನೇರವಾಗಿ ಅಡ್ಡ ಕತ್ತರಿಸಿದರೆ ತುದಿಯು ದುಂಡಗೆ ಕಾಣುತ್ತದೆ. ಓರೆಯಾಗಿ ಕತ್ತರಿಸಿದರೆ ಮೊಟ್ಟೆಯಾಕಾರದಲ್ಲಿ ಉದ್ದವಾಗಿ ಕಾಣುತ್ತದೆ. ಜಲ್ಲೆ ಒಂದೇ, ಕತ್ತರಿಸಿದ ಬಗೆ ಬೇರೆ. ಸಿ.ಟಿ. ಯಂತ್ರದ ಹೋಳುಗಳು ದೇಹಕ್ಕೆ ಅಡ್ಡವಾಗಿರುತ್ತವೆಯೇ ಹೊರತು ನಾಳಕ್ಕೆ ಅಡ್ಡವಾಗಿರಬೇಕೆಂಬ ನಿಯಮವಿಲ್ಲ. ವಯಸ್ಸಾದಂತೆ ಮಹಾಧಮನಿ ಅಂಕುಡೊಂಕಾಗುತ್ತದೆ. 5 ಸೆಂಟಿಮೀಟರ್ ಅಗಲದ ನಾಳವು 30 ಡಿಗ್ರಿ ಓರೆಯಾಗಿದ್ದರೆ, ಆ ಹೋಳಿನ ಉದ್ದನೆಯ ಅಳತೆಯು ಸುಮಾರು 5.8 ಸೆಂಟಿಮೀಟರ್ ಎಂದು ಬರುತ್ತದೆ. ಅಂದರೆ ಕಾಯಬಹುದಾದ ರೋಗಿಯು ಕಾಗದದ ಮೇಲೆ ಶಸ್ತ್ರಚಿಕಿತ್ಸೆಯ ಗಡಿಯನ್ನು ದಾಟಿಬಿಡುತ್ತಾನೆ. ಮಧ್ಯರೇಖೆ ಗೊತ್ತಿದ್ದರೆ ಅದಕ್ಕೆ ಸರಿಯಾಗಿ ಅಡ್ಡಲಾದ ಹೋಳನ್ನು ತಂತ್ರಾಂಶವೇ ಹೊಸದಾಗಿ ರಚಿಸಿ, ನಿಜವಾದ ಅಗಲವನ್ನು ತೋರಿಸಬಲ್ಲದು.

ಚಿಕಿತ್ಸೆ ಬೇಕೆಂದಾದಾಗಲೂ ಈ ರೇಖೆಯೇ ಆಧಾರ. 1990ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರದಲ್ಲಿ ಹುವಾನ್ ಪರೋಡಿ ಎಂಬ ವೈದ್ಯರು ಹೊಟ್ಟೆಯನ್ನು ಕೊಯ್ಯದೆ, ತೊಡೆಯ ಸಂದಿನ ನಾಳದ ಮೂಲಕ ಬಟ್ಟೆ ಹೊದಿಸಿದ ಕೊಳವೆಯನ್ನು ಒಯ್ದು ಉಬ್ಬಿದ ಭಾಗದೊಳಗೆ ಕೂರಿಸಿದರು. ಇಂದು ಈ ವಿಧಾನವು ಲೋಕದಾದ್ಯಂತ ರೂಢಿಯಲ್ಲಿದೆ. ಆ ಕೊಳವೆಯ ಉದ್ದ, ಅಗಲಗಳನ್ನು ಮೊದಲೇ ಗೊತ್ತುಮಾಡಬೇಕು. ಮೂತ್ರಪಿಂಡಗಳಿಗೆ ಹೋಗುವ ನಾಳಗಳ ಬಾಯಿ ಮುಚ್ಚದಂತೆ ಜಾಗ ಆರಿಸಬೇಕು. ಡೊಂಕಾದ ನಾಳದ ಉದ್ದವನ್ನು ನೇರಗೆರೆಯಿಂದ ಅಳೆದರೆ ಸಾಲದು. ಮಧ್ಯರೇಖೆಯ ಗುಂಟವೇ ಅಳೆಯಬೇಕು.

ನಾಳವು ಕಿರಿದಾಗುವ ರೋಗದಲ್ಲೂ ಅಂಕಿಯ ಅರ್ಥವನ್ನು ತಿಳಿದಿರುವುದು ಒಳಿತು. ಅಗಲವು ಅರ್ಧಕ್ಕೆ ಇಳಿದರೆ ಹಾದುಹೋಗುವ ಕಂಡಿಯ ವಿಸ್ತಾರವು ಕಾಲುಭಾಗಕ್ಕೆ ಇಳಿಯುತ್ತದೆ. ಹೀಗಾಗಿ ಒಂದೇ ರೋಗವನ್ನು ಒಂದು ವರದಿಯು ಶೇಕಡಾ 50 ಎಂದೂ ಇನ್ನೊಂದು ವರದಿಯು ಶೇಕಡಾ 75 ಎಂದೂ ಬರೆಯಬಹುದು. ಮೊದಲನೆಯದು ಅಗಲದ ಲೆಕ್ಕ, ಎರಡನೆಯದು ವಿಸ್ತಾರದ ಲೆಕ್ಕ, ಎರಡೂ ಸರಿಯೇ. ಇದನ್ನರಿಯದೆ ರೋಗವು ಬೆಳೆಯಿತೆಂದು ಕಂಗಾಲಾಗಬೇಕಿಲ್ಲ.

ಮಾದರಿಯು ದಾರಿ ತಪ್ಪುವ ಜಾಗಗಳು

ಮಾದರಿಯು ಎಷ್ಟೇ ಸುಂದರವಾಗಿದ್ದರೂ ಅದು ನಾಳವಲ್ಲ, ನಾಳದ ಪ್ರತಿಬಿಂಬ. ಅದು ತಪ್ಪಬಹುದಾದ ನಾಲ್ಕು ಜಾಗಗಳನ್ನು ಇಲ್ಲಿ ಹೇಳುತ್ತೇವೆ.

ಮೊದಲನೆಯದು, ಹೆಪ್ಪುಗಟ್ಟಿದ ರಕ್ತ. ಅನ್ಯೂರಿಸಂನ ಒಳಗೋಡೆಯ ಮೇಲೆ ಅನೇಕ ವೇಳೆ ಹೆಪ್ಪು ದಪ್ಪವಾಗಿ ಕಟ್ಟಿರುತ್ತದೆ. ಕಾಂಟ್ರಾಸ್ಟ್ ದ್ರವವು ಅದರೊಳಗೆ ಹೋಗದು. ನಡುವಿನ ಕಾಲುವೆಯಲ್ಲಿ ಮಾತ್ರ ಹರಿಯುತ್ತದೆ. ಬೆಳಗುವುದನ್ನಷ್ಟೇ ಹಿಡಿದು ಕಟ್ಟಿದ ಮಾದರಿಯಲ್ಲಿ 6 ಸೆಂಟಿಮೀಟರಿನ ಉಬ್ಬು 3 ಸೆಂಟಿಮೀಟರಿನ ಸಾಧಾರಣ ನಾಳದಂತೆ ಕಾಣಬಹುದು. ಒಡೆಯುವುದು ಹೊರಗೋಡೆ, ಆದುದರಿಂದ ಹೊರಗೋಡೆಯ ಅಳತೆಯೇ ಬೇಕು.

ಎರಡನೆಯದು, ಸುಣ್ಣದಂಶ. ನಾಳದ ಗೋಡೆಯಲ್ಲಿ ಕೂಡಿಕೊಂಡ ಕ್ಯಾಲ್ಸಿಯಂ ಸಿ.ಟಿ. ಚಿತ್ರದಲ್ಲಿ ತನ್ನ ನಿಜ ಗಾತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದರಿಂದ ಕಿರಿದಾಗುವಿಕೆಯು ಇರುವುದಕ್ಕಿಂತ ಹೆಚ್ಚೆಂದು ತೋರಬಹುದು.

ಮೂರನೆಯದು, ಒಂದಕ್ಕೊಂದು ಒರಗಿ ಹಾಯುವ ನಾಳಗಳು. ಎರಡು ನಾಳಗಳು ತಾಗಿಕೊಂಡಿದ್ದರೆ ತಂತ್ರಾಂಶವು ಅವುಗಳ ನಡುವೆ ಇಲ್ಲದ ದಾರಿಯನ್ನು ಕಲ್ಪಿಸೀತು.

ನಾಲ್ಕನೆಯದು, ನಯಗೊಳಿಸುವಿಕೆ. ತ್ರಿಕೋನಗಳ ನೇಯ್ಗೆಯು ಮೊದಲು ಮೆಟ್ಟಿಲುಗಳಂತೆ ಒರಟಾಗಿರುತ್ತದೆ. ಅದನ್ನು ತಿಕ್ಕಿ ನಯಮಾಡುವಾಗ ಆಕಾರವೇ ಸ್ವಲ್ಪ ಕುಗ್ಗುತ್ತದೆ. 1995ರಲ್ಲಿ ಗೇಬ್ರಿಯಲ್ ಟೌಬಿನ್ ಸೂಚಿಸಿದ ವಿಧಾನವು ಈ ಕುಗ್ಗುವಿಕೆಯನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೂ ಅತಿಯಾಗಿ ನಯಮಾಡಿದರೆ ಮಿದುಳಿನ ನಾಳದ ಮೇಲಿನ 2, 3 ಮಿಲಿಮೀಟರಿನ ಪುಟ್ಟ ಗುಳ್ಳೆಯು ಮಾದರಿಯಿಂದ ಮಾಯವಾಗಬಹುದು. ಚಿತ್ರವು ನಯವಾದಷ್ಟೂ ನಿಜವೆಂದು ತಿಳಿಯಬಾರದು.

ಈ ಕಾರಣಗಳಿಂದಲೇ ತಜ್ಞ ವೈದ್ಯರು ಬಣ್ಣದ ಮಾದರಿಯನ್ನು ನೋಡಿದ ಮೇಲೆಯೂ ಬೂದುಬಣ್ಣದ ಮೂಲ ಹೋಳುಗಳಿಗೆ ಮರಳಿ ಹೋಗುತ್ತಾರೆ. ನುಡಿಯನ್ನು ನಡೆಯೊಡನೆ ತಾಳೆ ನೋಡುವಂತೆ, ಮಾದರಿಯನ್ನು ಮೂಲದೊಡನೆ ತಾಳೆ ನೋಡಬೇಕು.

ವಿದ್ಯೆಯ ದಾಸೋಹ

ವಿ.ಎಂ.ಟಿ.ಕೆ. ಮತ್ತು ಸ್ಲೈಸರ್ ಎರಡೂ ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದಾದ ತಂತ್ರಾಂಶಗಳು. ಅವುಗಳ ಒಳಗಿನ ಬರಹವೂ ಬಯಲಿನಲ್ಲಿದೆ. ಬಲ್ಲವರು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಮರಳಿ ಎಲ್ಲರಿಗೂ ಹಂಚಬಹುದು. ತಾನು ದುಡಿದು ಗಳಿಸಿದ್ದನ್ನು ಸಮಾಜಕ್ಕೆ ಅರ್ಪಿಸುವ ದಾಸೋಹ ತತ್ತ್ವವನ್ನು ಬಲ್ಲ ನಮಗೆ ಇದು ಪರಕೀಯವೆನಿಸದು. ನಮ್ಮ ನಾಡಿನ ವೈದ್ಯಕೀಯ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಒಂದು ಸಾಧಾರಣ ಗಣಕಯಂತ್ರದಲ್ಲೇ ಇವುಗಳನ್ನು ಕಲಿಯತೊಡಗಬಹುದು.

ಆದರೆ ಒಂದು ಮಿತಿಯನ್ನು ಮರೆಯಬಾರದು. ಸ್ಲೈಸರ್ ಸಂಶೋಧನೆಗೆಂದು ಇರುವ ತಂತ್ರಾಂಶ. ರೋಗಿಗಳ ಚಿಕಿತ್ಸೆಯ ತೀರ್ಮಾನಕ್ಕೆ ಅದು ಅನುಮೋದಿತವಲ್ಲವೆಂದು ಅದನ್ನು ಕಟ್ಟಿದವರೇ ಸ್ಪಷ್ಟವಾಗಿ ಹೇಳುತ್ತಾರೆ. ಆಸ್ಪತ್ರೆಗಳು ಚಿಕಿತ್ಸೆಗೆ ಬಳಸಬೇಕಾದುದು ಅದಕ್ಕೆಂದೇ ಪರೀಕ್ಷಿಸಿ ಅನುಮತಿ ಪಡೆದ ತಂತ್ರಾಂಶಗಳನ್ನು. ಮನೆಯಲ್ಲಿ ಸ್ಕ್ಯಾನ್ ಚಿತ್ರಗಳನ್ನು ತೆರೆದು ತಾವೇ ರೋಗ ನಿರ್ಣಯ ಮಾಡಿಕೊಳ್ಳುವುದು ಯಾರಿಗೂ ತರವಲ್ಲ.

ಭಕ್ತರು ನೆನಪಿಡಬೇಕಾದುದು

ಸ್ಕ್ಯಾನ್ ಮಾಡಿಸಿದಾಗ ಮುದ್ರಿತ ವರದಿಯೊಂದನ್ನೇ ಅಲ್ಲದೆ, ಡೈಕಾಂ ಎಂಬ ರೂಪದಲ್ಲಿರುವ ಮೂಲ ಚಿತ್ರಗಳ ಸಿ.ಡಿ.ಯನ್ನು ಕೇಳಿ ಪಡೆಯಿರಿ, ಜೋಪಾನವಾಗಿಡಿ. ಫಿಲ್ಮ್ ಹಾಳೆಯಿಂದ ಮಧ್ಯರೇಖೆಯನ್ನು ಎಳೆಯಲಾಗದು. ಮೂಲ ಚಿತ್ರಗಳಿದ್ದರೆ ಎರಡನೆಯ ವೈದ್ಯರು ಹೊಸದಾಗಿ ಅಳೆಯಬಲ್ಲರು. ಅನ್ಯೂರಿಸಂ ಇರುವವರು ಪ್ರತಿ ಬಾರಿಯೂ ಹಳೆಯ ಚಿತ್ರಗಳನ್ನು ಒಯ್ಯಬೇಕು. ಅಳತೆಯು ಗಡಿಯ ಸಮೀಪವಿದ್ದರೆ, ಅದು ನಾಳಕ್ಕೆ ನೇರ ಅಡ್ಡಲಾಗಿ ಅಳೆದದ್ದೇ, ಹೊರಗೋಡೆಯಿಂದ ಹೊರಗೋಡೆಗೆ ಅಳೆದದ್ದೇ ಎಂದು ವಿನಯದಿಂದ ಕೇಳಿರಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರಪಡರು.

ಕಾಂಟ್ರಾಸ್ಟ್ ದ್ರವ ಕೊಡುವ ಮೊದಲು ಮೂತ್ರಪಿಂಡದ ತೊಂದರೆ, ಹಿಂದೆ ಆದ ಅಲರ್ಜಿ, ಮಧುಮೇಹಕ್ಕೆ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಮಾತ್ರೆ, ಗರ್ಭಿಣಿಯಾಗಿರುವ ಸಾಧ್ಯತೆ ಇವುಗಳನ್ನು ಮುಚ್ಚಿಡದೆ ತಿಳಿಸಬೇಕು. ಹೊಟ್ಟೆಯ ಮಹಾಧಮನಿಯ ಉಬ್ಬನ್ನು ಮೊದಲು ಪತ್ತೆಹಚ್ಚಲು ವಿಕಿರಣವಿಲ್ಲದ, ನೋವಿಲ್ಲದ ಅಲ್ಟ್ರಾಸೌಂಡ್ ಸಾಕು. ಧೂಮಪಾನ ಮಾಡುವ ಅಥವಾ ಹಿಂದೆ ಮಾಡುತ್ತಿದ್ದ 65 ದಾಟಿದ ಪುರುಷರು, ಮನೆತನದಲ್ಲಿ ಈ ರೋಗವಿರುವವರು ವೈದ್ಯರನ್ನು ಈ ಬಗ್ಗೆ ವಿಚಾರಿಸುವುದು ಲೇಸು. ಹೊಟ್ಟೆಯಲ್ಲೋ ಬೆನ್ನಿನಲ್ಲೋ ಹಠಾತ್ತನೆ ಅತೀವ ನೋವು ಬಂದು ತಲೆಸುತ್ತಿ ಬಿದ್ದರೆ ಮನೆಮದ್ದು ಮಾಡುತ್ತ ಕೂರದೆ, ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಬೀಡಿ, ಸಿಗರೇಟುಗಳನ್ನು ತೊರೆಯುವುದು, ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು ಇವೆರಡನ್ನು ಯಾವ ತಂತ್ರಾಂಶವೂ ನಮ್ಮ ಪರವಾಗಿ ಮಾಡಲಾರದು. ನಾಳದ ಗೋಡೆಯನ್ನು ಕಾಯುವ ಈ ಕಾಯಕವು ನಮ್ಮದೇ. ಸದ್ಭಕ್ತರೆಲ್ಲರೂ ಆರೋಗ್ಯವಂತರಾಗಿ ಬಾಳಲೆಂದು ಹಾರೈಸುತ್ತೇವೆ.